ಹದಿನೇಳನೇ ಅರ್ಥಕ್ಕೊಂದು ಪ್ರಯೋಗ

ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ‘ಗುಡ್’ ಪದಕ್ಕೆಂದು ಕೂತವನು ಒಂದೂವರೆ ವರ್ಷವಾದರೂ ಎದ್ದಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಗುಡ್ಡಣ್ಣ. ಸಜ್ಜನ ಮನುಷ್ಯ, ಹರಿತವಾದ ಚಾಕು, ಕೆಡದ ಹಾಲು, ಭರ್ತಿ ಒಂದು ಗಂಟೆ, ಇಷ್ಟೆಲ್ಲಕ್ಕೂ ಅದೊಂದೇ ಪದ. ಹದಿನಾರು ಅರ್ಥಗಳ ಚೀಟಿಗಳು ತುಂಬಿದ್ದವು. ಹದಿನೇಳನೆಯದು ಮಾತ್ರ ಖಾಲಿ: ಮಾಡಿದ ಕೆಲಸವನ್ನು ಮೆಚ್ಚಿ ಹೇಳುವುದು. ಪ್ರಯೋಗವನ್ನು, ಅಂದರೆ ಪದ ಬಳಸಿ ಯಾರಾದರೂ ಆಡಿದ ಮಾತನ್ನು, ಕಿವಿಯಾರೆ ಕೇಳಿಯೇ ಬರೆಯಬೇಕು, ಯಾರು ಯಾವಾಗ ಅಂದದ್ದೆಂದು ಕೆಳಗೆ ಹಾಕಬೇಕು. ಅದು ಕಚೇರಿಯ ಕಟ್ಟಳೆ.

“ಈ ಕಟ್ಟಡದಲ್ಲಿ ಅದನ್ನ ಯಾರ ಬಾಯಲ್ಲಿ ಕೇಳ್ಲೋ?” ಎಂದು ಎದುರು ಮೇಜಿನ ಟೈಪಿಸ್ಟನ ಬಳಿ ಗೊಣಗಿದ. ತಿಂಗಳ ಕೊನೆಗೆ ಅವನ ಕೆಲಸದ ಅವಧಿ ಮುಗಿಯುತ್ತಿತ್ತು. ಮೂಗಿನಲ್ಲೇ ಮಾತಾಡುವ ಸಂಪಾದಕರು ಮುಂದುವರಿಸುವ ಸುದ್ದಿಯನ್ನೇ ಎತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ, ತನ್ನ ಅಣ್ಣನ ಮನೆಯ ಹಿಂದಿನ ಕೋಣೆ ಸೇರಲು ಗಂಟುಮೂಟೆ ಕಟ್ಟುತ್ತಿದ್ದಳು.

ಟೈಪಿಸ್ಟ್ ಕಂಡಕಂಡವರ ದನಿ ಕದಿಯುವ ಆಸಾಮಿ. ನಾಲಿಗೆ ತುರಿಸಿತು. ಪಕ್ಕದ ಕೋಣೆಗೆ ಹೋಗಿ ಗುಡ್ಡಣ್ಣನಿಗೆ ಫೋನ್ ಮಾಡಿ, ಮೂಗು ಹಿಡಿದು ಸಂಪಾದಕನಾದ.

“ನಿಮ್ಮ ಚೀಟಿ ನೋಡಿದೆ ಕಣ್ರೀ. ಗುಡ್. ವೆರಿ ಗುಡ್ ವರ್ಕ್.”

ಅಷ್ಟಕ್ಕೇ ಇಟ್ಟುಬಿಡಬೇಕಿತ್ತು. ದನಿ ಎಷ್ಟು ಸೊಗಸಾಗಿ ಕೂತಿತ್ತೆಂದರೆ ಇಡಲು ಮನಸ್ಸೇ ಬರಲಿಲ್ಲ. “ಇನ್ನೊಂದು ವರ್ಷ ಇರಿ,” ಎಂದ.

ನಗು ನುಂಗಿಕೊಂಡು ವಾಪಸು ಬಂದರೆ, ಗುಡ್ಡಣ್ಣ ಹದಿನೇಳನೇ ಚೀಟಿಗೆ ಹೊತ್ತು, ತಾರೀಖು ಹಾಕಿ ಮುಗಿಸಿದ್ದ. ಫೋನ್ ಕಿವಿಯಲ್ಲಿತ್ತು. “ಬಿಚ್ಚೇ ಗಂಟೆಲ್ಲಾ! ನಿಮ್ಮಣ್ಣಂಗೆ ಹೇಳ್ಬಿಡು, ಬರಲ್ಲಾಂತ. ಏನು? ‘ನಿನ್ನ ಕೋಣೆ ನೀನೇ ಇಟ್ಕೋ’ ಅಂತೀಯಾ? ಅನ್ನು, ಧಾರಾಳವಾಗಿ ಅನ್ನು!”

ಗುಡ್ಡಣ್ಣ ಫೋನ್ ಇಡುತ್ತಲೇ ಟೈಪಿಸ್ಟ್ ಅವನ ಮೇಜಿನತ್ತ ಬಾಗಿದ. “ಗುಡ್ಡಣ್ಣಾ... ಅದು ನಾನು ಕಣಣ್ಣ. ತಮಾಷೆಗೆ.”

ಗುಡ್ಡಣ್ಣ ಅವನನ್ನೇ ನೋಡಿದ. ಆಮೇಲೆ ನಕ್ಕ. ಮೇಜು ಗುದ್ದಿ, ಹೊಟ್ಟೆ ಹಿಡಿದುಕೊಂಡು, ಆಚೆ ಕೋಣೆಯವರು ಬಾಗಿಲಲ್ಲಿ ಇಣುಕುವಷ್ಟು ಜೋರಾಗಿ ನಕ್ಕ. ಬರೆದ ಚೀಟಿಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕುವಾಗಲೂ ನಗುತ್ತಲೇ ಇದ್ದ.

“ಭೇಷ್ ಕಣೋ! ನನ್ನ ದನೀನೂ ಮಾಡ್ತೀಯಂತಲ್ಲ?”

“ಮಾ... ಮಾಡ್ತೀನಿ.”

ಗುಡ್ಡಣ್ಣ ಮನೆಯ ನಂಬರ್ ಒತ್ತಿ ಫೋನನ್ನು ಅವನ ಕೈಗಿಟ್ಟ. “ಹಾಗಾದ್ರೆ ಅವಳಿಗೆ ನೀನೇ ಹೇಳ್ಬಿಡು. ನನ್ನ ಕೈಲಾಗಲ್ಲ.”