ಎರಡು ಕಿವಿ, ಎರಡು ತಾಳ

ತಾನು ಡಿಜೆ ಎಂಬುದನ್ನು ಮೇದಿನಿ ಗಂಡಿನ ಮನೆಯವರಿಗೆ ಹೇಳಿರಲಿಲ್ಲ. ‘ಸಂಗೀತದ ಕೆಲಸ’ ಎಂದಷ್ಟೇ ಹೇಳಿದ್ದಳು. ಗಂಡಿನ ತಂದೆ ಹೊಂಬಯ್ಯ ನಿವೃತ್ತ ಹೆಡ್‌ಮಾಸ್ಟರು. ಅವರೆದುರು ಜೋರಾಗಿ ನಗಲೂ ನೆಂಟರು ಹೆದರುತ್ತಿದ್ದರು.

ನಿಶ್ಚಿತಾರ್ಥದ ದಿನ ಊಟವಾದ ಮೇಲೆ ಕುಣಿತ ಶುರುವಾಯಿತು. ಆದರೆ ಹಾಡು ಬದಲಾದಾಗಲೆಲ್ಲ ತಾಳ ಕೆಟ್ಟು, ಕುಣಿಯುವವರು ಒಬ್ಬರ ಕಾಲನ್ನೊಬ್ಬರು ತುಳಿಯುತ್ತಿದ್ದರು.

“ತಾಳ ತಾನಾಗಿ ಹೊಂದಿಸೋ ಬಟನ್ ಕೆಟ್ಟೋಗಿದೆ ಮೇಡಂ. ಕಿವೀಲಿ ಕೇಳಿ ಹೊಂದಿಸೋಕೆ ನಂಗೆ ಬರಲ್ಲ. ನಿಲ್ಲಿಸಿಬಿಡ್ತೀನಿ,” ಎಂದ ಬಾಡಿಗೆಯ ಡಿಜೆ.

ಮೇದಿನಿಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿ ಅವನ ಜಾಗಕ್ಕೆ ನಿಂತಳು. ಒಂದು ಕಿವಿಗೆ ಹೆಡ್‌ಫೋನ್ ಒತ್ತಿ ಮುಂದಿನ ಹಾಡು ಕೇಳಿದಳು. ಇನ್ನೊಂದು ಕಿವಿಯಲ್ಲಿ ಹಾಲ್‌ನ ಹಾಡು. ವೇಗ ಸರಿಮಾಡಿ, ಯಂತ್ರದ ಮೇಲಿನ ತಿರುಗುವ ತಟ್ಟೆಯನ್ನು ಬೆರಳಿನಿಂದ ತುಸು ಮುಂದಕ್ಕೆ ನೂಕಿ, ಎರಡೂ ತಾಳ ಒಂದಾದ ಕೂಡಲೇ ಹೊಸ ಹಾಡನ್ನು ಬಿಟ್ಟಳು. ಹಾಡು ಬದಲಾದದ್ದೇ ಯಾರಿಗೂ ತಿಳಿಯಲಿಲ್ಲ. ಹೀಗೇ ನಾಲ್ಕು ಹಾಡು ಸಾಗಿದವು. ಅಜ್ಜಿಯರೂ ಎದ್ದು ಕುಣಿದರು.

ಆಗ ಹೊಂಬಯ್ಯ ಕುರ್ಚಿಯಿಂದೆದ್ದು ನೇರ ಅವಳ ಬಳಿ ಬಂದರು. ಕುಣಿಯುತ್ತಿದ್ದವರೆಲ್ಲ ನಿಂತರು.

“ಎಷ್ಟು ವರ್ಷದಿಂದ ಮಾಡ್ತಿದ್ದೀಯಮ್ಮ ಈ ಕೆಲಸಾನ?”

“ನಾಲ್ಕು ವರ್ಷ, ಮಾವ. ಮುಂಚೇನೇ ಹೇಳ್ಬೇಕಿತ್ತು. ತಪ್ಪಾಯ್ತು.”

“ತಪ್ಪಾಗಿದ್ದೇನೋ ನಿಜ,” ಎಂದರು ಹೊಂಬಯ್ಯ. “ಮೂರನೇ ಹಾಡನ್ನ ಕೂದಲೆಳೆಯಷ್ಟು ತಡವಾಗಿ ಬಿಟ್ಟೆ, ಕುರ್ಚಿ ಕೆಳಗೆ ಕುಣೀತಿದ್ದ ನನ್ನ ಕಾಲು ಎಡವಿಬಿಡ್ತು!”