ಕೈ ಬಿಟ್ಟವನು

ಹಗ್ಗದ ಗಂಟು ಬಿಚ್ಚಿಕೊಂಡಿತು ಎಂದೇ ಅವನು ಎಲ್ಲರಿಗೂ ಹೇಳಿದ್ದ. ಹೇಳಿ ಹೇಳಿ ಆ ಸುಳ್ಳು ಬಾಯಿಪಾಠವಾಗಿತ್ತು. ಮೂರನೇ ಮಹಡಿಯ ಗೋಡೆಗೆ ಬಣ್ಣ ಬಳಿಯುತ್ತಿದ್ದ ಗೆಳೆಯ ತೂಗುಹಲಗೆ ಸಮೇತ ಕೆಳಗೆ ಬಿದ್ದಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿ ಎರಡು ವರ್ಷವಾಗಿತ್ತು. ಅಂದು ಕೆಳಗೆ ನಿಂತು ಆ ಹಲಗೆಯ ಹಗ್ಗ ಹಿಡಿದಿದ್ದವನು ಅವನೇ.

ಈಗ ಆಸ್ಪತ್ರೆಯಲ್ಲಿ ಗೆಳೆಯನ ತೋಳಿನ ಚರ್ಮದಡಿ ವಿದ್ಯುತ್ ತಂತಿಗಳನ್ನು ಕೂರಿಸಿದ್ದರು. ಭುಜದಲ್ಲಿ ಮಾತ್ರ ಒಂದಿಷ್ಟು ಶಕ್ತಿ ಉಳಿದಿತ್ತು; ಅಲ್ಲಿನ ಸ್ನಾಯು ಕೊಡುವ ಸನ್ನೆಗೆ ಬೆರಳುಗಳು ಆಡಬೇಕಿತ್ತು.

“ಭುಜ ಎತ್ತಿದ್ರೆ ಮುಷ್ಟಿ ಬಿಗಿಯುತ್ತೆ, ಇಳಿಸಿದ್ರೆ ಬಿಚ್ಕೊಳ್ಳುತ್ತೆ,” ಎಂದರು ಡಾಕ್ಟರಮ್ಮ. “ಮೊದಲು ಏನು ಹಿಡ್ಕೋತೀರಾ?”

“ಇವನ ಕೈ,” ಎಂದ ಗೆಳೆಯ, ಪಕ್ಕದಲ್ಲಿ ನಿಂತಿದ್ದ ಅವನತ್ತ ನೋಡಿ.

ಗೆಳೆಯನ ಭುಜ ಮೇಲೆದ್ದಿತು. ಸತ್ತಂತಿದ್ದ ಬೆರಳುಗಳು ಅವನ ಮಣಿಕಟ್ಟನ್ನು ಸುತ್ತಿ ಬಿಗಿದವು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಅವನು ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದ.

“ಸಾಕು, ಬಿಡೋ.”

ಗೆಳೆಯ ಭುಜ ಇಳಿಸಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದ.

ಎರಡು ವರ್ಷ ನುಂಗಿಕೊಂಡಿದ್ದ ಮಾತು ತಾನಾಗಿ ಹೊರಬಿತ್ತು. “ಗಂಟು ಬಿಚ್ಚಿರ್ಲಿಲ್ಲ ಕಣೋ. ಫೋನ್ ವೈಬ್ರೇಟ್ ಆಯ್ತು. ಜೇಬಿಂದ ತೆಗಿಯೋಕೆ ಒಂದು ಕೈ ಬಿಟ್ಟೆ, ಹಗ್ಗ ಜಾರಿಹೋಯ್ತು. ಯಾರ ಫೋನು ಅಂತಲೂ ನೋಡ್ಲಿಲ್ಲ, ಆಮೇಲೆ ಅದನ್ನ ಕೆರೆಗೆ ಎಸೆದ್ಬಿಟ್ಟೆ.”

“ಗೊತ್ತು,” ಎಂದ ಗೆಳೆಯ. “ಹಲಗೆ ಅಲ್ಲಾಡ್ತಿತ್ತು. ಕಾಂಕ್ರೀಟ್ ಮಿಕ್ಸರ್ ಸದ್ದಲ್ಲಿ ನಾನು ಕೂಗಿದ್ದು ನಿಂಗೆ ಕೇಳಿಸ್ಲಿಲ್ಲ. ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೋ ಅಂತ ಹೇಳೋಕೆ ಫೋನ್ ಮಾಡಿದ್ದು ನಾನೇ.”