ತಮ್ಮನ ಪಾಲಿನ ಉಂಡೆ

ಮೊಮ್ಮಕ್ಕಳ ಉಂಡೆಗೆಂದು ಕಡಲೆಬೀಜ ಹುರಿಯುವಾಗ, ಆ ವಾಸನೆಗೆ ಇವತ್ತಿಗೂ ನನ್ನ ಕೈ ಒಂದು ಗಳಿಗೆ ನಿಂತುಬಿಡುತ್ತದೆ.

ನಮ್ಮೂರು ರೊಳ್ಳ ಆಗ ಮದರಾಸು ಸೀಮೆಗೆ ಸೇರಿತ್ತು. ಆ ಬೇಸಿಗೆಯಲ್ಲಿ ತಮ್ಮನಿಗೆ ಸಿಡುಬು ಎದ್ದಿತು. ಮನೆಯಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ, "ಅಮ್ಮ ಬಂದವ್ಳೆ" ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಗ್ಗರಣೆ, ಹುರಿಯುವುದು ಎಲ್ಲ ನಿಂತಿತು. ಮಧ್ಯಾಹ್ನದ ಕಡಲೆಬೀಜದ ಉಂಡೆಯ ಬದಲು ಅಜ್ಜಿ ನೆನೆಸಿದ ಅಕ್ಕಿ ಕುಟ್ಟಿ, ಬೆಲ್ಲ ಕಲಸಿ, ಹಸಿ ತಂಬಿಟ್ಟು ಕೊಡುತ್ತಿದ್ದಳು. ಅದು ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

"ಉಂಡೆ ಯಾವಾಗಜ್ಜಿ?" ಎಂದು ಪೀಡಿಸಿದೆ.

"ಅಮ್ಮ ಹೋಗ್ಲಿ ತಡಿಯವ್ವ. ನಿಂಗೊಂದು, ನಿನ್ ತಮ್ಮುಂಗೊಂದು."

"ನಂಗ್ ದೊಡ್ಡದು" ಎಂದ ತಮ್ಮ, ಒಳಗಿನಿಂದ.

ಅಮ್ಮ ಬೇಗ ಹೋಗಲಿ ಎಂದು ನಾನು ದಿನವೂ ದೇವರ ಗೂಡಿನ ಮುಂದೆ ಕೈಮುಗಿದೆ.

ಒಂದು ದಿನ ನಾನು ಏಳುತ್ತಲೇ ನನ್ನನ್ನು ಎದುರು ಮನೆಯ ಸಿದ್ದಕ್ಕನ ಬಳಿ ಬಿಟ್ಟರು. ಮಧ್ಯಾಹ್ನ ಅವಳು ಕಡಲೆಬೀಜ ಹುರಿದು, ಸಿಪ್ಪೆ ಊದಿ, ಬೆಲ್ಲ ಹಾಕಿ ಕುಟ್ಟಿ ಎರಡು ಉಂಡೆ ಕಟ್ಟಿದಳು.

"ಅಮ್ಮ ಹೋದ್ಲಾ ಸಿದ್ದಕ್ಕ?"

"ಹೋದ್ಲು ಮಗಾ" ಎಂದಳು, ಮುಖ ಎತ್ತದೆ.

ಒಂದು ಕೈಯಲ್ಲಿ ನನ್ನದು, ಇನ್ನೊಂದರಲ್ಲಿ ತಮ್ಮನಿಗೆಂದು ದೊಡ್ಡ ಉಂಡೆ ಹಿಡಿದು ಮನೆಗೆ ಓಡಿದೆ. ಬಾಗಿಲಲ್ಲಿ ಬೇವಿರಲಿಲ್ಲ. ಒಳಗೆ ತಮ್ಮನ ಚಾಪೆಯೂ ಇರಲಿಲ್ಲ. ಆ ಜಾಗಕ್ಕೆ ಹೊಸದಾಗಿ ಸಗಣಿ ಸಾರಿಸಿದ್ದರು.

ಅಜ್ಜಿ ನನ್ನ ಎರಡೂ ಮುಷ್ಟಿಗಳನ್ನು ತನ್ನ ಕೈಯಿಂದ ಮುಚ್ಚಿದಳು.

"ಎಲ್ಡೂ ನೀನೇ ತಿನ್ನವ್ವ."